ಹಳೆ ಜೀಪಿನ ಕ್ರ್ಯಾಂಕ್ ಪುಲ್ಲಿಗೆ ಹೊಸ ಹಬ್ ಹಾಕಿಸಿದ್ದು

ಪುಲ್ಲಿ ಎಳೆದ ಕೂಡಲೇ ಅದರ ಕೀ ಅಂಗೈಗೆ ಬಿತ್ತು. ಅರ್ಧಚಂದ್ರದ ಆಕಾರದ ಸಣ್ಣ ಉಕ್ಕಿನ ತುಂಡು. ಅದರ ಕೆಳಗಿನ ಅರ್ಧ ಕ್ರ್ಯಾಂಕಿನ, ಅಂದರೆ ಎಂಜಿನ್ನಿನ ಮುಖ್ಯ ತಿರುಗುವ ದಂಡದ, ಒಳಗೆ ಕೂರುತ್ತದೆ, ಮೇಲಿನ ಅರ್ಧ ಅದರ ತುದಿಯ ಪುಲ್ಲಿಯ ಒಳಗೆ. ಮೇಲಿನ ಅರ್ಧ ಎರಡೂ ಪಕ್ಕ ತಿಂದುಹೋಗಿ ಮೆಟ್ಟಿಲಿನ ಹಾಗೆ ಆಗಿತ್ತು. ಸವೆದ ಜಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಉಗುರಿನಿಂದ ಗೀರಿ ನೋಡಿದರೆ ಬುಡದಲ್ಲಿ ಕೂದಲೆಳೆಯಂಥ ಬಿರುಕು ಸಿಕ್ಕಿತು. ಇನ್ನು ಒಂದು ವಾರ ಓಡಿಸಿದ್ದರೆ ಕೀ ತುಂಡಾಗಿ, ಫ್ಯಾನು, ವಾಟರ್ ಪಂಪು, ಡೈನಮೊ ಮೂರೂ ಒಟ್ಟಿಗೆ ನಿಲ್ಲುತ್ತಿದ್ದವು. ಈ ಎಂಜಿನ್ನಿನಲ್ಲಿ ಮೂರನ್ನೂ ತಿರುಗಿಸುವುದು ಒಂದೇ ಬೆಲ್ಟು.

ಜೀಪು ನಮ್ಮ ಅಪ್ಪನ ಕಾಲದ್ದು. 1974ರ ಮಹೀಂದ್ರ ಸಿಜೆ-3ಬಿ, ಪೆಟ್ರೋಲ್. ಬಾನೆಟ್ಟು ಎತ್ತರ ಇರುತ್ತದಲ್ಲ, ಅದು. ಒಳಗಿರುವುದು ವಿಲ್ಲೀಸ್ ಹರಿಕೇನ್ ಎಫ್-134 ಎಂಜಿನ್. 134 ಅಂದರೆ ಅದರ ಘನ ಇಂಚಿನ ಲೆಕ್ಕ, ನಮ್ಮ ಲೆಕ್ಕದಲ್ಲಿ 2.2 ಲೀಟರ್. ಇದರಲ್ಲಿ ಇನ್‌ಟೇಕ್ ವಾಲ್ವುಗಳು ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವುಗಳು ಬ್ಲಾಕಿನಲ್ಲಿ ಇರುತ್ತವೆ. ಹಾಗಾಗಿ ಯುದ್ಧಕಾಲದ ಜೀಪಿನ ಎಂಜಿನ್ನಿಗಿಂತ ಇದು ಎತ್ತರ. ಆ ಎತ್ತರಕ್ಕೆ ಜಾಗ ಮಾಡಲಿಕ್ಕೇ ಬಾನೆಟ್ಟು ಮೇಲೆ ಏರಿದ್ದು. ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಇದು ಇವತ್ತಿಗೂ ದುಡಿಯುವ ಗಾಡಿ. ಕೊಯ್ಲಿನ ಸಮಯದಲ್ಲಿ ಕಾಫಿ ಹಣ್ಣಿನ ಮೂಟೆಗಳನ್ನು ತೋಟದ ತಗ್ಗಿನಿಂದ ಕಣಕ್ಕೆ ಹತ್ತಿಸಬೇಕಾದರೆ ಫೋರ್ ವೀಲ್ ಲೋ ಹಾಕಿದ ಈ ಜೀಪೇ ಬೇಕು. ಪಿಕಪ್ಪು ಅಲ್ಲಿ ಅರ್ಧ ದಾರಿಯಲ್ಲೇ ಜಾರುತ್ತದೆ.

ಸದ್ದು ಶುರುವಾದದ್ದು ನವೆಂಬರ್ ಕೊನೆಗೆ. ಐಡಲಿಂಗಿನಲ್ಲಿ ಮುಂದಿನಿಂದ ಟಿಕ್ ಟಿಕ್ ಟಿಕ್. ರೇಸ್ ಮಾಡಿದರೆ ಕೇಳುತ್ತಿರಲಿಲ್ಲ. ಒಬ್ಬರು ಬಂದು ಕೇಳಿ ಟೈಮಿಂಗ್ ಗೇರ್ ಹೋಗಿದೆ ಅಂದರು. ಇನ್ನೊಬ್ಬರು ಮೇನ್ ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು ಅಂದರು. ಎರಡೂ ಆಗದ ಮಾತೇನಲ್ಲ. ಈ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಗೇರ್ ಉಕ್ಕಿನದು, ವಾಲ್ವುಗಳನ್ನು ಎತ್ತುವ ಕ್ಯಾಮಿನ ಗೇರ್ ಫೈಬರ್. ಫೈಬರಿನ ಹಲ್ಲು ಸವೆದರೆ ಸದ್ದು ಬರುತ್ತದೆ. ಆದರೆ ಕೊಯ್ಲು ಎದುರಿಗಿಟ್ಟುಕೊಂಡು ಅಂದಾಜಿನ ಮೇಲೆ ಎಂಜಿನ್ ಇಳಿಸಲು ನನಗೆ ಮನಸ್ಸು ಬರಲಿಲ್ಲ. ಮೊದಲು ಬಿಚ್ಚದೆ ಎಷ್ಟು ತಿಳಿಯುತ್ತದೋ ಅಷ್ಟು ತಿಳಿಯೋಣ ಅಂತ ಕೂತೆ.

ಫ್ಯಾನ್ ಬೆಲ್ಟ್ ತೆಗೆದು ಅರ್ಧ ನಿಮಿಷ ಸ್ಟಾರ್ಟ್ ಮಾಡಿದೆ. ಬೆಲ್ಟ್ ಇಲ್ಲದೆ ನೀರು ಓಡುವುದಿಲ್ಲ, ಅದಕ್ಕೆ ಅಷ್ಟೇ ಹೊತ್ತು. ಸದ್ದು ಬದಲಾಯಿತು, ಹೋಗಲಿಲ್ಲ. ಹಾಗಾದರೆ ಪಂಪಿನ ಬೇರಿಂಗೂ ಅಲ್ಲ, ಡೈನಮೊದ್ದೂ ಅಲ್ಲ. ಬೆಲ್ಟ್ ಮತ್ತೆ ಹಾಕಿ, ಮಗನನ್ನು ಒಳಗೆ ಕೂರಿಸಿ ಕ್ಲಚ್ ಒತ್ತಲು ಹೇಳಿ, ನಾನು ಮುಂದೆ ಬಗ್ಗಿ ಪುಲ್ಲಿಯನ್ನೇ ನೋಡುತ್ತಾ ನಿಂತೆ. ಕ್ಲಚ್ ಒತ್ತಿದಾಗಲೆಲ್ಲ ಪುಲ್ಲಿ ನನ್ನ ಕಡೆಗೆ ಸ್ವಲ್ಪ ಸರಿಯುತ್ತಿತ್ತು, ಸದ್ದೂ ನಿಲ್ಲುತ್ತಿತ್ತು. ಬಿಟ್ಟರೆ ಹಿಂದೆ ಹೋಗುತ್ತಿತ್ತು, ಟಿಕ್ ಟಿಕ್ ಮತ್ತೆ ಶುರು. ಕ್ಲಚ್ ಒತ್ತಿದರೆ ಕ್ರ್ಯಾಂಕು ಮುಂದಕ್ಕೆ ತಳ್ಳಿಸಿಕೊಳ್ಳುವುದು ಸಹಜ, ಆದರೆ ಅದು ಬರಿಗಣ್ಣಿಗೆ ಕಾಣಬಾರದು.

ಆಮೇಲೆ ಎಂಜಿನ್ ಆಫ್ ಮಾಡಿ, ಗೇರಿನಲ್ಲಿ ನಿಲ್ಲಿಸಿ, ಬೆಲ್ಟ್ ತೆಗೆದು ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದೆ. ಕಟಕ್ ಅಂತು. ಕ್ರ್ಯಾಂಕು ಅಲ್ಲಾಡಲಿಲ್ಲ, ಪುಲ್ಲಿ ಮಾತ್ರ ಅಲ್ಲಾಡಿತು. ಅಂಚಿನಲ್ಲಿ ಸ್ಕೇಲ್ ಇಟ್ಟು ನೋಡಿದರೆ 4 ಮಿ.ಮೀ. ಆಟ.

ಈ 4 ಮಿ.ಮೀ. ಯಾಕೆ ಮುಖ್ಯ ಅಂತ ಹೇಳಬೇಕು. ಈ ಎಂಜಿನ್ನಿನ ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಬರುವ ಹೊತ್ತು, ಪಿಸ್ಟನ್ನಿನ ಮೇಲಿನ ಬಿಂದುವಿಗಿಂತ 5 ಡಿಗ್ರಿ ಮೊದಲು. ಅದರ ಗುರುತು ಇರುವುದು ಟೈಮಿಂಗ್ ಕವರಿನ ಮೇಲೆ ಮತ್ತು ಪುಲ್ಲಿಯ ಅಂಚಿನ ಮೇಲೆ. ಪುಲ್ಲಿಯ ವ್ಯಾಸ ಸುಮಾರು 150 ಮಿ.ಮೀ. ಇದ್ದರೆ ಅಂಚಿನಲ್ಲಿ ಒಂದು ಡಿಗ್ರಿ ಅಂದರೆ 1.3 ಮಿ.ಮೀ. ಹಾಗಾಗಿ 4 ಮಿ.ಮೀ. ಆಟ ಅಂದರೆ ಮೂರು ಡಿಗ್ರಿ! ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ಯಾಮಿನ ಕಡೆಯಿಂದ, ಆಯಿಲ್ ಪಂಪಿನ ಮೂಲಕ. ಪುಲ್ಲಿ ಎಷ್ಟು ಅಲ್ಲಾಡಿದರೂ ಕಿಡಿ ಬರುವ ಹೊತ್ತು ಬದಲಾಗುವುದಿಲ್ಲ, ಗುರುತು ಮಾತ್ರ ಸುಳ್ಳು ಹೇಳುತ್ತದೆ. ಅಕ್ಟೋಬರಿನಲ್ಲಿ ಒಂದು ಕಡೆ ಸರ್ವೀಸಿಗೆ ಬಿಟ್ಟಿದ್ದಾಗ ಟೈಮಿಂಗ್ ಲೈಟ್ ಹಿಡಿದು ಟೈಮಿಂಗ್ ಸೆಟ್ ಮಾಡಿಕೊಟ್ಟಿದ್ದರು. ಆವತ್ತಿನಿಂದ ಏರಿನಲ್ಲಿ ಜೀಪು ಬಿಸಿಯಾಗುತ್ತಿತ್ತು, ಪೆಟ್ರೋಲೂ ಜಾಸ್ತಿ ಕುಡಿಯುತ್ತಿತ್ತು. ಅವರು ಲೈಟ್ ಸರಿಯಾಗೇ ಹಿಡಿದಿರಬಹುದು, ಆದರೆ ಹಿಡಿದದ್ದು ಸುಳ್ಳು ಗುರುತಿಗೆ. ಕಿಡಿ ತಡವಾಗಿ ಬೀಳುತ್ತಿತ್ತು. ಎರಡು ತಿಂಗಳು ನಾನು ರೇಡಿಯೇಟರನ್ನು ಬೈಯುತ್ತಿದ್ದೆ.

ಬಿಚ್ಚುವ ಕೆಲಸ ಒಂದು ಬೆಳಗ್ಗೆಗೆ ಮುಗಿಯಿತು. ಬ್ಯಾಟರಿ ತೆಗೆದು, ನೀರು ಇಳಿಸಿ, ರೇಡಿಯೇಟರ್ ಹೊರಗಿಟ್ಟರೆ ಮುಂದೆ ಕೈ ಆಡಿಸಲು ಬೇಕಾದಷ್ಟು ಜಾಗ. ಕ್ರ್ಯಾಂಕಿನ ತುದಿಯ ನಟ್ಟು ಈ ಜೀಪಿನಲ್ಲಿ ಬರೀ ನಟ್ಟಲ್ಲ. ಅದರ ಮುಂಭಾಗದಲ್ಲಿ ಹಲ್ಲು ಕಡಿದಿರುತ್ತದೆ, ಕೈ ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡುವಾಗ ಹ್ಯಾಂಡಲಿನ ಪಿನ್ನು ಕಚ್ಚಿಕೊಳ್ಳುವುದು ಅದಕ್ಕೇ. ನಮ್ಮ ನಟ್ಟಿನ ಮೈ ತುಂಬ ಉಳಿಯ ಗಾಯ. ಹಿಂದೆ ಯಾರೋ ಸರಿಯಾದ ಸ್ಪ್ಯಾನರ್ ಇಲ್ಲದೆ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಬಿಚ್ಚಿದ್ದಾರೆ, ಹಾಗೇ ಹೊಡೆದು ಕಟ್ಟಿದ್ದಾರೆ. ಹ್ಯಾಂಡಲ್ ಕಚ್ಚುವ ಒಂದು ಹಲ್ಲಿನ ಮೂಲೆಯೂ ಹಾರಿಹೋಗಿತ್ತು. ಹ್ಯಾಂಡಲ್ ಆಗಾಗ ಜಾರುತ್ತಿದ್ದದ್ದು ಯಾಕೆ ಅಂತ ಆಗ ತಿಳಿಯಿತು. ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳನ್ನು ಬೇರೆ ಬೆರಳುಗಳ ಜೊತೆಗೇ ಒಂದೇ ಕಡೆ ಇಟ್ಟುಕೋ, ತಿರುಗಿ ಒದ್ದರೆ ಹೆಬ್ಬೆರಳು ಹೋಗುತ್ತದೆ ಅಂತ ಅಪ್ಪ ಕಲಿಸಿದ್ದು ಇವತ್ತಿಗೂ ಮರೆತಿಲ್ಲ. ಜಾರುವ ಹಲ್ಲಿಟ್ಟುಕೊಂಡು ಹ್ಯಾಂಡಲ್ ಹೊಡೆಯುವುದಂತೂ ಬೇಡವೇ ಬೇಡ.

ಆ ನಟ್ಟು ಬಿಚ್ಚಲು ಉದ್ದದ ಪೈಪು, ಜೊತೆಗೆ ಇಬ್ಬರು ಜನ, ಎಲ್ಲ ಸಿದ್ಧ ಮಾಡಿಕೊಂಡಿದ್ದೆ. ಒಂದೇ ಕೈಯಲ್ಲಿ ಬಂತು. ನೋಡಿ, ಇಡೀ ರೋಗದ ಬೇರು ಇದು. ಕೀ ಇರುವುದು ಪುಲ್ಲಿಯನ್ನು ಸರಿಯಾದ ಜಾಗದಲ್ಲಿ ಕೂರಿಸಲು. ಭಾರ ಹೊರುವುದು ನಟ್ಟಿನ ಬಿಗಿ. ನಟ್ಟು ಬಿಗಿಯಾಗಿದ್ದರೆ ಪುಲ್ಲಿಯ ಹಬ್ಬು (ನಡುವಿನ ಕೊಳವೆಯಂಥ ಭಾಗ) ಅದರ ಹಿಂದಿನ ಗೇರಿಗೆ ಒತ್ತಿಕೊಂಡು ಎಲ್ಲ ಒಂದೇ ಮೈಯಾಗಿ ತಿರುಗುತ್ತದೆ, ಕೀ ಮೇಲೆ ಏಟೇ ಬೀಳುವುದಿಲ್ಲ. ಬಿಗಿ ಹೋದರೆ ನಾಲ್ಕು ಸಿಲಿಂಡರಿನ ಪ್ರತಿ ಏಟೂ ಆ ಸಣ್ಣ ತುಂಡಿನ ಮೇಲೆ, ಒಮ್ಮೆ ಈ ಪಕ್ಕ, ಒಮ್ಮೆ ಆ ಪಕ್ಕ. ನಿಮಿಷಕ್ಕೆ ಸಾವಿರಾರು ಸಲ ಸಣ್ಣ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಕೀ ಎಷ್ಟು ಗಟ್ಟಿ ಇದ್ದರೂ ಉಳಿಯುವುದಿಲ್ಲ.

ಇದರ ಜೊತೆ ಈ ಎಂಜಿನ್ನಿನಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ಕ್ರ್ಯಾಂಕು ಹಿಂದೆ ಮುಂದೆ ಎಷ್ಟು ಸರಿಯಬೇಕು ಅನ್ನುವುದನ್ನು ಇದರಲ್ಲಿ ಮುಂಭಾಗದಲ್ಲೇ ಹಿಡಿದಿಟ್ಟಿದ್ದಾರೆ. ಕ್ರ್ಯಾಂಕಿನ ಭುಜಕ್ಕೆ ತೆಳು ತಗಡಿನ ಶಿಮ್ಮುಗಳು, ಅದರ ಮುಂದೆ ಥ್ರಸ್ಟ್ ವಾಷರ್, ಅದರ ಮುಂದೆ ಗೇರ್, ಆಯಿಲ್ ಚಿಮ್ಮಿಸುವ ತಟ್ಟೆ, ಪುಲ್ಲಿ, ಕೊನೆಗೆ ನಟ್ಟು. ಈ ಸಾಲನ್ನೆಲ್ಲ ಒತ್ತಿ ಹಿಡಿಯುವುದು ಅದೊಂದೇ ನಟ್ಟು. ಹಿಂದೆ ಮುಂದೆ ಸರಿಯುವ ಆಟ ಇರಬೇಕಾದದ್ದು 4ರಿಂದ 6 ಥೌ (ಒಂದು ಥೌ ಇಂಚಿನ ಸಾವಿರದಲ್ಲಿ ಒಂದು ಭಾಗ), ಅಂದರೆ 0.10ರಿಂದ 0.15 ಮಿ.ಮೀ. ನಟ್ಟು ಸಡಿಲಾದರೆ ಇಡೀ ಸಾಲೇ ಸಡಿಲ. ಕ್ಲಚ್ ಒತ್ತಿದಾಗ ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದೆ ಬರುತ್ತಿದ್ದದ್ದು ಅದಕ್ಕೆ. ಮೇನ್ ಬೇರಿಂಗ್ ಹೋಗಿದೆ ಅಂದವರಿಗೂ ಹಾಗೆ ಅನ್ನಿಸಿದ್ದು ಇದನ್ನೇ ನೋಡಿ.

ಪುಲ್ಲಿಗೆ ಪುಲ್ಲರೇ ಬೇಕಾಗಲಿಲ್ಲ. ಅಲ್ಲಾಡಿಸಿದರೆ ಕೈಗೇ ಬಂತು. ಸರಿಯಿರುವ ಪುಲ್ಲಿ ಹಾಗೆ ಬರಬಾರದು.

ಬಟ್ಟೆ ಹಾಸಿ, ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿಲಿನಲ್ಲಿಟ್ಟು ನೋಡಿದೆ. ಇದು ಹಿಂದೆ ಯಾವಾಗಲೋ ಬದಲಾಯಿಸಿದ ಬೀಡಿನ (ಎರಕದ ಕಬ್ಬಿಣದ) ಪುಲ್ಲಿ. ಒಳ ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು, ಉದ್ದದ ಕಡೆ ಕಾಲು ಮಿ.ಮೀ. ಜಾಸ್ತಿ. ಕೀ ಕೂರುವ ಕಾಲುವೆ 1 ಮಿ.ಮೀ. ಅಗಲವಾಗಿ ಬಾಯಿ ಬಿಟ್ಟಿತ್ತು. ಹಬ್ಬಿನ ಹೊರಮೈಯಲ್ಲಿ ಆಯಿಲ್ ಸೀಲ್ ಓಡುವ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆ. ಇಷ್ಟು ವರ್ಷ ಎಷ್ಟು ಸೀಲ್ ಬದಲಾಯಿಸಿದರೂ ಮುಂದೆ ಆಯಿಲ್ ತೊಟ್ಟಿಕ್ಕುತ್ತಿದ್ದದ್ದು ಯಾಕೆ ಅಂತ ಅದೂ ತಿಳಿಯಿತು. ಬೆಲ್ಟ್ ಕೂರುವ ಅಂಚಿನಲ್ಲಿ ಹುಣಸೆಬೀಜದಷ್ಟು ಚೂರು ಹಾರಿತ್ತು, ಪಕ್ಕದಲ್ಲೇ ಹಾರೆ ಇಟ್ಟು ಮೀಟಿದ ಗುರುತು. ಬೆಲ್ಟು ಮೂರು ತಿಂಗಳಿಗೊಮ್ಮೆ ಪಕ್ಕದಲ್ಲಿ ಹರಿಯುತ್ತಿದ್ದದ್ದು ಆ ಚೂಪಿಗೆ ಉಜ್ಜಿ.

ಕ್ರ್ಯಾಂಕಿನ ತುದಿ ನೋಡುವಾಗ ಮಾತ್ರ ಎದೆ ಡವಡವ ಅಂದಿತು. ಪುಲ್ಲಿ ಹೋದರೆ ಇನ್ನೊಂದು ಪುಲ್ಲಿ. ಕ್ರ್ಯಾಂಕ್ ಹೋದರೆ ಎಂಜಿನ್ ಇಳಿಸಲೇಬೇಕು. ಮೈಕ್ರೋಮೀಟರ್ ಹಿಡಿದು ನಾಲ್ಕು ಕಡೆ ನೋಡಿದೆ, ಒಂದು ಪಕ್ಕ 0.04 ಮಿ.ಮೀ. ಸವೆದಿದೆ ಅಷ್ಟೇ. ನಟ್ಟು ಕೂರುವ ಮರೆ (ತಿರುಪಿನ ಸುತ್ತು) ಚೆನ್ನಾಗಿತ್ತು. ಕೀ ಕಾಲುವೆಯ ಒಂದು ತುಟಿ ಮೇಲ್ಭಾಗದಲ್ಲಿ ಸ್ವಲ್ಪ ಹೊರಳಿತ್ತು, ಅಗಲ 0.3 ಮಿ.ಮೀ. ಹೆಚ್ಚಾಗಿತ್ತು. ಉಳಿಸಿಕೊಳ್ಳಬಹುದು. ಹೇಗೂ ಸೀಲ್ ಹಾಕಬೇಕಲ್ವಾ ಅಂತ ಟೈಮಿಂಗ್ ಕವರನ್ನೂ ತೆಗೆದೆ. ಫೈಬರ್ ಗೇರಿನ ಹಲ್ಲು ಎಲ್ಲ ಸರಿ ಇತ್ತು. ಗೇರಿನ ಕೀಯೂ ಸರಿ ಇತ್ತು. ಅದನ್ನು ನೋಡಿದ ಮೇಲೆ ಮಧ್ಯಾಹ್ನ ಊಟ ಸೇರಿತು.

ಈಗ ಏನು ಮಾಡುವುದು. ಹೊಸ ಪುಲ್ಲಿ ಸಿಗುವುದಿಲ್ಲ ಅಂತೇನಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಹಳೆ ಜೀಪಿನ ಸಾಮಾನು ಸಿಗುತ್ತದೆ. ಪರಿಚಯದವರೊಬ್ಬರು ಅಲ್ಲಿಂದ ಹೊಸ ನಟ್ಟು, ಸೀಲ್, ಒಂದು ಪುಲ್ಲಿ ಮೂರನ್ನೂ ಕಳಿಸಿದರು. ನಟ್ಟು, ಸೀಲ್ ಚೆನ್ನಾಗಿದ್ದವು. ಪುಲ್ಲಿಯನ್ನು ಹಳೆಯದರ ಪಕ್ಕ ಇಟ್ಟು ಅಳೆದರೆ ಬೆಲ್ಟ್ ಕೂರುವ ತೋಡು 5 ಮಿ.ಮೀ. ಮುಂದೆ. ಹಾಗೇ ಹಾಕಿದರೆ ಬೆಲ್ಟು ಓರೆಯಾಗಿ ಓಡುತ್ತದೆ, ಪಂಪಿನ ಬೇರಿಂಗನ್ನು ತಿನ್ನುತ್ತದೆ. ಮೇಲಾಗಿ ಅದರಲ್ಲಿ ಟೈಮಿಂಗ್ ಗುರುತೇ ಇರಲಿಲ್ಲ. ಅದನ್ನು ವಾಪಸ್ ಕಳಿಸಿ, ಹಳೆಯದನ್ನೇ ಉಳಿಸುವುದು ಅಂತ ತೀರ್ಮಾನ ಮಾಡಿದೆ.

ಚಿಕ್ಕಮಗಳೂರಿನಲ್ಲಿ ನಾವು ಯಾವಾಗಲೂ ಹೋಗುವ ಲೇತಿನ ಆಚಾರ್ರ ಹತ್ತಿರ ತೆಗೆದುಕೊಂಡು ಹೋದೆ. ಅರವತ್ತು ದಾಟಿದವರು. ಕೈಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿ, ಕನ್ನಡಕ ಏರಿಸಿ, ಬುಷ್ ಹಾಕೋಣ ಅಂದರು. ಒಳಗೆ ಬೋರ್ ದೊಡ್ಡದು ಮಾಡಿ, ಉಕ್ಕಿನ ಬಳೆಯಂಥ ಬುಷ್ ಒತ್ತಿ, ಅದರಲ್ಲಿ ಹೊಸ ಕಾಲುವೆ ಕಡಿಯುವುದು.

"ಆಚಾರ್ರೇ, ಬುಷ್ಷಿಗೆ ಎಷ್ಟು ದಪ್ಪ ಸಿಗುತ್ತದೆ?" ಅಂತ ಕೇಳಿದೆ.

ವರ್ನಿಯರ್ ಹಿಡಿದು ನೋಡಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಮೂರು ಮಿ.ಮೀ. ಕಾಲುವೆ ಕಡಿದರೆ ಬುಷ್ಷೇ ಸೀಳಿ ಹೋಗ್ತದೆ. ಹೊರಗೆ ಸೀಲಿನ ಗೆರೆ ಬೇರೆ. ಮೇಲೂ ಇಲ್ಲ, ಒಳಗೂ ಇಲ್ಲ. ಹಬ್ಬನ್ನೇ ತೆಗೆದು ಹಾಕೋದು ಒಳ್ಳೇದು ಮಾರಾಯ್ರೇ."

ಅದೇ ಸರಿ ಅನ್ನಿಸಿತು. ಹಬ್ಬನ್ನು ಪೂರ್ತಿ ಕತ್ತರಿಸಿ ತೆಗೆದು, ಇಎನ್-8 ಉಕ್ಕಿನ ಸರಳಿನಲ್ಲಿ ಚಾಚುಪಟ್ಟಿ (ಫ್ಲೇಂಜ್) ಇರುವ ಹೊಸ ಹಬ್ಬು ಕಡಿದು, ಹಳೆ ಪುಲ್ಲಿಯ ತಟ್ಟೆಯನ್ನು ಅದರ ಮೇಲೆ ಕೂರಿಸಿ ಆರು ಬೋಲ್ಟ್ ಹಾಕುವುದು. ಒಂದೇ ಕೆಲಸಕ್ಕೆ ಬೋರು, ಕಾಲುವೆ, ಸೀಲಿನ ಜಾಗ ಮೂರೂ ಹೊಸದು.

ಕತ್ತರಿಸುವ ಮುಂಚೆ ಎರಡು ಅಳತೆ ಹಿಡಿದಿಟ್ಟುಕೊಂಡೆವು. ಹಬ್ಬಿನ ಹಿಂದಿನ ಮುಖದಿಂದ ಬೆಲ್ಟ್ ತೋಡಿನ ನಡುವಿನವರೆಗೆ ಎಷ್ಟು ಅನ್ನುವುದು ಒಂದು. ಇನ್ನೊಂದು, ಕೀ ಕಾಲುವೆಗೂ ಅಂಚಿನ ಟೈಮಿಂಗ್ ಗುರುತಿಗೂ ಇರುವ ಕೋನ. ಈ ಎರಡನೆಯದು ಹೋದರೆ ಮತ್ತೆ ಹುಡುಕುವುದು ಕಷ್ಟ. ಕಾಲುವೆ ಬಾಯಿ ಬಿಟ್ಟಿದೆ, ಅದರ ನಡು ಎಲ್ಲಿ ಅಂತ ಹೇಗೆ ಹೇಳುವುದು? ಟಾರ್ಚ್ ಹಾಕಿ ಒಳಗೆ ನೋಡುತ್ತಾ ಇದ್ದಾಗ ಆಚಾರ್ರೇ ತೋರಿಸಿದರು. ಕೀ ಅರ್ಧಚಂದ್ರ, ಕಾಲುವೆಯ ಉದ್ದಕ್ಕಿಂತ ಗಿಡ್ಡ. ಕೀ ತಲುಪದ ಕೊನೆಯ ಐದಾರು ಮಿ.ಮೀ. ಕಾಲುವೆ ಕಾರ್ಖಾನೆಯಿಂದ ಬಂದ ಹಾಗೇ ಇತ್ತು, ಮೂಲೆಗಳು ಚೂಪಾಗಿ, ಹಳೆ ಕಪ್ಪು ಬಣ್ಣ ಸಹಿತ. ಅಲ್ಲಿಗೆ ಸರಿಯಾಗಿ ಕೂರುವ ತುಂಡು ಇಟ್ಟು, ಅದರ ನಡುವಿನಿಂದ ತಟ್ಟೆಯ ಮೇಲೆ ಅಂಚಿನವರೆಗೆ ಗೀರುಕಡ್ಡಿಯಲ್ಲಿ ಗೆರೆ ಎಳೆದರು. ಗೆರೆ ಅಳಿಸದ ಹಾಗೆ ಮೂರು ಕಡೆ ಪಂಚ್ ಹೊಡೆದರು.

ಮೊದಲು ಅಂಚಿನ ಚೂರು. ಬೀಡಿಗೆ ಸುಮ್ನೆ ಮಾಮೂಲಿ ವೆಲ್ಡಿಂಗ್ ರಾಡ್ ಹಿಡಿದರೆ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಹಿತ್ತಾಳೆ ರಾಡಿನಲ್ಲಿ ಗ್ಯಾಸ್ ವೆಲ್ಡಿಂಗ್ ಮಾಡಿದರೆ ಬೀಡು ಕರಗುವುದಿಲ್ಲ, ಹಿತ್ತಾಳೆ ಮಾತ್ರ ಕರಗಿ ಅದಕ್ಕೆ ಹತ್ತಿಕೊಳ್ಳುತ್ತದೆ. ಬೀಡು ಕರಗಲು 1,150 ಡಿಗ್ರಿ ದಾಟಬೇಕು, ಹಿತ್ತಾಳೆ ರಾಡು ಸುಮಾರು 900ರಲ್ಲೇ ಹರಿಯುತ್ತದೆ. ಆದರೆ ಆಮೇಲೆ ತಣ್ಣಗಾಗುವುದು ನಿಧಾನ ಇರಬೇಕು. ಅದಕ್ಕೆ ನಾನು ಮನೆಯಿಂದಲೇ ಒಂದು ಗೋಣಿಚೀಲ ಬಚ್ಚಲೊಲೆ ಬೂದಿ ತೆಗೆದುಕೊಂಡು ಹೋಗಿದ್ದೆ. ಗ್ಯಾಸ್ ವೆಲ್ಡಿಂಗ್ ಅಂಗಡಿಯ ಹುಡುಗ ಅಂಚನ್ನು ಉಜ್ಜಿ ಹೊಳೆಯಿಸಿ, ಇಡೀ ಪುಲ್ಲಿಯನ್ನು ಜ್ವಾಲೆಯಲ್ಲಿ ಸುತ್ತು ಹಾಕಿ ಹಾಕಿ ಬಿಸಿ ಮಾಡಿದ. ಆಮೇಲೆ ಹಾರಿದ ಜಾಗಕ್ಕೆ ಹಿತ್ತಾಳೆ ಇಟ್ಟ. ಮೊದಲು ಅದು ಕಮಲದೆಲೆ ಮೇಲಿನ ನೀರಿನ ಹಾಗೆ ಗುಂಡಗೆ ನಿಂತಿತು. ಬೊರಾಕ್ಸ್ ಹಾಕಿ ಇನ್ನೊಂದು ಸ್ವಲ್ಪ ಬಿಸಿ ಕೊಟ್ಟ. ಗುಂಡು ಒಮ್ಮೆಲೇ ಚಪ್ಪಟೆಯಾಗಿ ಮೂಲೆ ಮೂಲೆಗೂ ಓಡಿ ಹರಡಿತು. ಹಾಗೆ ಓಡಿದರೆ ಮಾತ್ರ ಹಿಡಿದಿದೆ ಅಂತ ಅರ್ಥ. ತಕ್ಷಣ ಬೂದಿಯಲ್ಲಿ ಹೂತಿಟ್ಟೆವು. ಸಂಜೆ ಐದಕ್ಕೆ ಹೂತದ್ದು, ಮರುದಿನ ಬೆಳಗ್ಗೆ ತೆಗೆದಾಗ ಇನ್ನೂ ಉಗುರುಬೆಚ್ಚಗೆ ಇತ್ತು. ಬಿರುಕಿನ ಸುಳಿವಿಲ್ಲ.

ಹೊಸ ಹಬ್ಬಿಗೆ ಆಚಾರ್ರು ಒಂದೂವರೆ ದಿನ ತೆಗೆದುಕೊಂಡರು. ನಾನು ಪಕ್ಕದಲ್ಲೇ ಸ್ಟೂಲ್ ಹಾಕಿ ಕೂತಿದ್ದೆ. ಬೋರನ್ನು ಕ್ರ್ಯಾಂಕಿನ ಅಳತೆಗಿಂತ 0.02 ಮಿ.ಮೀ. ಮಾತ್ರ ಸಡಿಲ ಇಟ್ಟರು. ಕೀ ಕಾಲುವೆಗೆ ಬೇರೆ ಮಿಷಿನ್ ಇಲ್ಲ, ಲೇತಿನಲ್ಲೇ. ಚಕ್ಕನ್ನು ಅಲ್ಲಾಡದ ಹಾಗೆ ಲಾಕ್ ಮಾಡಿ, ಬೋರಿಂಗ್ ಬಾರಿಗೆ ಚೌಕದ ಟೂಲ್ ಕಟ್ಟಿ, ಕ್ಯಾರೇಜನ್ನು ಕೈಯಲ್ಲೇ ಹಿಂದೆ ಮುಂದೆ ತಿರುಗಿಸುತ್ತಾ ಒಂದೊಂದು ಸಲಕ್ಕೆ ಕೂದಲೆಳೆಯಷ್ಟು ಕಡಿಯುತ್ತಾ ಹೋದರು. ಪ್ರತಿ ಸಲವೂ ತೆಂಗಿನ ತುರಿಯ ಹಾಗೆ ಒಂದು ಎಳೆ ಉದುರುತ್ತಿತ್ತು. ಅರವತ್ತು ಎಳೆ ದಾಟಿದ ಮೇಲೆ ನಾನು ಎಣಿಸುವುದು ಬಿಟ್ಟೆ.

ಸೀಲ್ ಓಡುವ ಜಾಗದ ಬಗ್ಗೆ ಅವರು ಮಾಡಿದ ಒಂದು ಕೆಲಸ ನನಗೆ ಹೊಸದು. ಲೇತಿನ ಟೂಲ್ ಸರಿಯುತ್ತಾ ಕಡಿದಾಗ ಮೈಯಲ್ಲಿ ಕಣ್ಣಿಗೆ ಕಾಣದ ಸುರುಳಿ ಗೀರು ಉಳಿಯುತ್ತದೆ, ಸ್ಕ್ರೂವಿನ ಮರೆಯ ಹಾಗೆ. ಅದು ತಿರುಗುವಾಗ ಎಷ್ಟೇ ಹೊಸ ಸೀಲ್ ಇದ್ದರೂ ಎಣ್ಣೆಯನ್ನು ಹೊರಗೆ ತಳ್ಳಬಹುದು. ಅದಕ್ಕೆ ಕೊನೆಗೆ 400 ನಂಬರಿನ ಎಮರಿಯನ್ನು ಪಕ್ಕಕ್ಕೆ ಸರಿಸದೆ, ಒಂದೇ ಜಾಗದಲ್ಲಿ ನೇರ ಒತ್ತಿ ಹಿಡಿದು ಪಾಲಿಷ್ ಮಾಡಿದರು. ಸೀಲಿನ ತುಟಿ ಮಡಚಿಕೊಳ್ಳದ ಹಾಗೆ ಹಬ್ಬಿನ ತುದಿಯನ್ನು ಓರೆಯಾಗಿ ಉರುಟು ಮಾಡಿದರು.

ತಟ್ಟೆಯನ್ನು ಹಬ್ಬಿನ ಭುಜಕ್ಕೆ ಬಿಗಿಯಾಗಿ ಕೂರಿಸಿ, ಹಳೆ ಗೆರೆಯನ್ನು ಹೊಸ ಕಾಲುವೆಯ ನಡುವಿಗೆ ಹೊಂದಿಸಿ, ಆಮೇಲೆ ಆರು ತೂತು ಹೊಡೆದು 8 ಮಿ.ಮೀ. ಅಲೆನ್ ಬೋಲ್ಟ್ ಹಾಕಿದೆವು. ಹೊಂದಿಸುವಾಗ ಮೂರು ಸಲ ಬಿಚ್ಚಿ ಮತ್ತೆ ಇಟ್ಟೆವು. ಬೋಲ್ಟ್ ಹಾಕಿದ ಮೇಲೇ ಬೆಲ್ಟಿನ ತೋಡನ್ನು ಹೊಸ ಬೋರಿಗೆ ಸರಿಯಾಗಿ ತೆಳುವಾಗಿ ಕಡಿದದ್ದು, ಆಗ ಹಿತ್ತಾಳೆ ಇಟ್ಟ ಜಾಗವೂ ಅದರ ಜೊತೆ ಸಮ ಆಯಿತು. ಬೂದು ಬಣ್ಣದ ಬೀಡಿನ ನಡುವೆ ಚಿನ್ನದ ಹಲ್ಲಿನ ಹಾಗೆ ಕಾಣುತ್ತದೆ. ಬೆಲ್ಟು ತೋಡಿನ ತಳ ಮುಟ್ಟಬಾರದು, ಎರಡು ಪಕ್ಕದಲ್ಲೇ ಹಿಡಿಯಬೇಕು. ಹೊಸ ಬೆಲ್ಟಿನ ತುಂಡಿಟ್ಟು ಅದನ್ನೂ ನೋಡಿದೆವು. ಡಯಲ್ ಗೇಜಿನಲ್ಲಿ ಅಂಚಿನ ಓಲಾಟ ಮುಂಚೆ 1.5 ಮಿ.ಮೀ. ದಾಟಿತ್ತು, ಈಗ 0.08. ಕೊನೆಗೆ ಒಂದು ಸರಳಿಗೆ ಹಾಕಿ ಎರಡು ನೇರ ಪಟ್ಟಿಗಳ ಮೇಲೆ ಉರುಳಲು ಬಿಟ್ಟರೆ ಪ್ರತಿ ಸಲ ಒಂದೇ ಪಕ್ಕ ಕೆಳಗೆ ಬಂದು ನಿಲ್ಲುತ್ತಿತ್ತು. ಆ ಪಕ್ಕ ಹಿಂದಿನಿಂದ ಎರಡು ಸಣ್ಣ ಗುಂಡಿ ಕೊರೆದ ಮೇಲೆ ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು.

ಕೀಯನ್ನು ನಾನೇ ಮಾಡಿದೆ. ಕ್ರ್ಯಾಂಕಿನ ಕಾಲುವೆ 0.3 ಮಿ.ಮೀ. ಅಗಲವಾಗಿದೆ, ಹಬ್ಬಿನದು ಸರಿಯಳತೆ. ಅದಕ್ಕೆ ಕೆಳಗೆ ದಪ್ಪ, ಮೇಲೆ ತೆಳ್ಳಗೆ, ಮೆಟ್ಟಿಲು ಕೀ ಬೇಕು. ದೊಡ್ಡ ಅಳತೆಯ ಕೀ ಒಂದನ್ನು ತಂದು, ವೈಸಿಗೆ ಕಟ್ಟಿ, ನಯ ಅರದಲ್ಲಿ ಒಂದು ಸಂಜೆ ಪೂರ್ತಿ ಉಜ್ಜಿದೆ. ನಾಲ್ಕು ಸಲ ಅರ ಎಳೆಯುವುದು, ಒಂದು ಸಲ ಇಟ್ಟು ನೋಡುವುದು. ಕ್ರ್ಯಾಂಕಿನ ಹೊರಳಿದ ತುಟಿಯನ್ನು ಮುಂಚೆಯೇ ಅರದ ಮೂಲೆಯಲ್ಲಿ ಸವರಿ ತೆಗೆದಿದ್ದೆ. ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಹೋಗಿ, ತಾಮ್ರದ ತುಂಡಿಟ್ಟು ಮೆಲ್ಲಗೆ ತಟ್ಟಿದರೆ ಪೂರ್ತಿ ಕೂರುವ ಹದ ಬಂತು. ಮುರಿದ ಡ್ರಿಲ್ ಬಿಟ್ಟಿನಲ್ಲಿ ಕೀ ಮಾಡು, ಸವೆಯುವುದೇ ಇಲ್ಲ ಅಂತ ಒಬ್ಬರು ಹೇಳಿದ್ದರು. ಅದು ಬೇಡ. ಕೀ ಕ್ರ್ಯಾಂಕಿಗಿಂತ ಗಟ್ಟಿಯಾದರೆ ಮುಂದೊಂದು ದಿನ ಏನಾದರೂ ಆದಾಗ ಕೀ ಉಳಿದು ಕ್ರ್ಯಾಂಕ್ ತಿಂದುಹೋಗುತ್ತದೆ.

ಜೋಡಿಸುವಾಗ ಟೈಮಿಂಗ್ ಕವರಿನ ಬೋಲ್ಟುಗಳನ್ನು ಮೊದಲೇ ಬಿಗಿ ಮಾಡಲಿಲ್ಲ. ಬೆರಳಿನಲ್ಲಷ್ಟೇ ತಿರುಗಿಸಿ ಬಿಟ್ಟು, ಸೀಲಿನ ತುಟಿಗೆ ಗ್ರೀಸ್ ಹಚ್ಚಿ, ಹಬ್ಬನ್ನು ಒಳಗೆ ತೂರಿಸಿ, ಸೀಲು ಹಬ್ಬಿನ ಸುತ್ತ ತಾನೇ ನಡುವಿಗೆ ಬಂದು ಕೂತ ಮೇಲೆ ಕವರ್ ಬಿಗಿ ಮಾಡಿದೆ. ಇಲ್ಲದಿದ್ದರೆ ಸೀಲ್ ಒಂದೇ ಪಕ್ಕ ಒತ್ತಿ ಓಡುತ್ತದೆ. ಕೀ ಕಾಲುವೆಯಲ್ಲೂ ನಟ್ಟಿನ ಹಿಂದೆಯೂ ತೆಳುವಾಗಿ ಸಿಲಿಕಾನ್ ಹಚ್ಚಿದೆ. ಎಣ್ಣೆ ಸೀಲನ್ನು ದಾಟಲಾಗದಿದ್ದರೂ ಕಾಲುವೆಯ ಸಂದಿಯಲ್ಲೇ ಹರಿದು ಹೊರಗೆ ಬರುತ್ತದೆ, ಸೀಲ್ ಸೋರುತ್ತಿದೆ ಅಂತ ಎಷ್ಟೋ ಜನ ಮೋಸ ಹೋಗುವುದು ಇಲ್ಲೇ.

ನಟ್ಟು ಬಿಗಿ ಮಾಡಲು ಕ್ರ್ಯಾಂಕು ತಿರುಗದೆ ನಿಲ್ಲಬೇಕು. ಗೇರಿನಲ್ಲಿಟ್ಟು ಬ್ರೇಕ್ ಒತ್ತಿದರೆ ಸಾಲದು, ರಬ್ಬರಿನ ಹಾಗೆ ಹಿಂದೆ ಮುಂದೆ ಆಡುತ್ತದೆ. ಸ್ಟಾರ್ಟರ್ ಮೋಟಾರ್ ಬಿಚ್ಚಿ, ಆ ತೂತಿನಿಂದ ಫ್ಲೈವೀಲ್ ಹಲ್ಲಿಗೆ ಆ್ಯಂಗಲ್ ಪಟ್ಟಿಯ ತುಂಡು ಕೊಟ್ಟು ಲಾಕ್ ಮಾಡಿದೆ. ಪಕ್ಕದ ತೋಟದವರ ಟಾರ್ಕ್ ವ್ರೆಂಚ್ ತಂದು, ಮ್ಯಾನುವಲ್ಲಿನಲ್ಲಿ ಹೇಳಿದಷ್ಟು ಬಿಗಿ ಕೊಟ್ಟೆ. ಉಳಿಗೆ ಈ ಸಲ ಕೆಲಸವೇ ಇರಲಿಲ್ಲ. ಬಿಗಿ ಆದ ಮೇಲೆ ಡಯಲ್ ಗೇಜನ್ನು ಪುಲ್ಲಿಯ ಮುಖಕ್ಕೆ ಇಟ್ಟು ಕ್ರ್ಯಾಂಕನ್ನು ಹಿಂದೆ ಮುಂದೆ ಮೀಟಿದೆ. 0.13 ಮಿ.ಮೀ. ಶಿಮ್ಮು ಮುಟ್ಟುವ ಅಗತ್ಯವೇ ಬೀಳಲಿಲ್ಲ. ಆ ಮುಳ್ಳು ಅಲ್ಲಿ ನಿಂತಾಗ ಆದ ಸಂತೋಷ ಹೇಳಲಿಕ್ಕೆ ಬರುವುದಿಲ್ಲ.

ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪ್ 20 ಥೌ, ಪ್ಲಗ್ ಗ್ಯಾಪ್ 30 ಥೌ ಇಟ್ಟು, ಗುರುತನ್ನು 5 ಡಿಗ್ರಿಗೆ ತಂದು, ಪಾಯಿಂಟಿಗೆ ಬಲ್ಬ್ ಕಟ್ಟಿ ಅದು ಹತ್ತುವ ಕ್ಷಣಕ್ಕೆ ಡಿಸ್ಟ್ರಿಬ್ಯೂಟರ್ ಬಿಗಿ ಮಾಡಿದೆ. ಹಿಂದೆ ಇದ್ದ ಜಾಗಕ್ಕೆ ಬಿಳಿ ಗೆರೆ ಹಾಕಿಟ್ಟಿದ್ದೆ, ಈಗ ಅದರಿಂದ ಚೆನ್ನಾಗೇ ಸರಿದಿದೆ. ಬೆಲ್ಟ್ ಹಾಕಿ, ನೀರು ತುಂಬಿ, ಹೊಸ ನಟ್ಟಿನ ಹಲ್ಲಿಗೆ ಹ್ಯಾಂಡಲ್ ಕೊಟ್ಟೆ. ಮೂರನೆಯ ಎಳೆತಕ್ಕೆ ಹಿಡಿಯಿತು. ಮಗ ಟೈಮಿಂಗ್ ಲೈಟ್ ಹಿಡಿದ. ಗುರುತು ಗೋಡೆಗೆ ಬರೆದ ಹಾಗೆ ನಿಂತಿತ್ತು. ಕ್ಲಚ್ ಒತ್ತಿ ಬಿಟ್ಟು ಮಾಡಿದೆವು. ಸದ್ದಿಲ್ಲ, ಪುಲ್ಲಿ ಕದಲಲಿಲ್ಲ. ಹೊರಗೆ ಅಪ್ಪ ಕುರ್ಚಿಯಲ್ಲಿ ಕೂತಿದ್ದರು, ಎದ್ದು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಈಗ ಸರಿ ಆಯ್ತು ನೋಡು" ಅಂದರು.

ಉಕ್ಕು, ಲೇತು, ಗ್ಯಾಸ್, ನಟ್ಟು, ಸೀಲು, ಬೆಲ್ಟು ಎಲ್ಲ ಸೇರಿ 4,600 ರೂಪಾಯಿ ಆಯಿತು. ದಿನ ಲೆಕ್ಕ ಹಾಕಿದರೆ ಎಂಟು.

ನೂರು ಕಿಲೋಮೀಟರ್ ಆದ ಮೇಲೆ ರೇಡಿಯೇಟರ್ ಮತ್ತೆ ಇಳಿಸಿ ನಟ್ಟಿಗೆ ಟಾರ್ಕ್ ವ್ರೆಂಚ್ ಹಾಕಿ ನೋಡಿದೆ, ಕೂದಲೆಳೆಯಷ್ಟೂ ತಿರುಗಲಿಲ್ಲ. ಅಲೆನ್ ಬೋಲ್ಟುಗಳೂ ಹಾಗೇ ಇವೆ. ಜನವರಿ ಪೂರ್ತಿ ಜೀಪು ಕೊಯ್ಲಿನ ಹಣ್ಣು ಹೊತ್ತಿದೆ. ಕಣದ ಏರಿನಲ್ಲಿ ಬಿಸಿ ತೋರಿಸುವ ಸೂಜಿ ನಡು ದಾಟುವುದಿಲ್ಲ. ಶೆಡ್ಡಿನ ನೆಲದಲ್ಲಿ ಎಂಜಿನ್ನಿನ ಮೂತಿಯ ಕೆಳಗೆ ಇಡುತ್ತಿದ್ದ ಹಳೆ ತಟ್ಟೆಯಲ್ಲಿ ಈಗ ಬರೀ ಧೂಳು. ಕವರಿನ ಎಡಗಡೆ ಕೆಳಗಿನ ಬೋಲ್ಟಿನ ಹತ್ತಿರ ಸ್ವಲ್ಪ ಎಣ್ಣೆ ಬೆವರುತ್ತದೆ, ಅದು ಪ್ಯಾಕಿಂಗಿನದು. ಮಳೆಗಾಲದಲ್ಲಿ ಜೀಪಿಗೆ ಬಿಡುವಾದಾಗ ತೆಗೆದು ಹಾಕುತ್ತೇನೆ.